ದಾಕಿನ ಕಾಲದಿಂದ ಮಕ್ಕಳ ಡಾಕ್ಟರರ ಕೋಣೆಯವರೆಗೆ

ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ ಅವರ ತೋಳನ್ನು ಒಮ್ಮೆ ನೋಡಿ. ಎಂಟಾಣೆ ನಾಣ್ಯದಷ್ಟು ಅಗಲದ, ನಡುವೆ ತಗ್ಗಾದ, ಸುಕ್ಕುಗಟ್ಟಿದ ಒಂದು ಗುರುತು ಕಾಣುತ್ತದೆ. ಕೆಲವರಿಗೆ ಎರಡು, ಇನ್ನು ಕೆಲವರಿಗೆ ನಾಲ್ಕು. ನನ್ನ ವಯಸ್ಸಿನವರ ಎಡತೋಳಿನಲ್ಲಿರುವ ಸಣ್ಣ ಕಲೆ ಬಿಸಿಜಿಯದು, ಅದು ಬೇರೆ. ಹಿರಿಯರದ್ದು ಸಿಡುಬಿನ ದಾಕಿನ ಕಲೆ. ‘ದಾಕು ಹಾಕುವುದು’ ಎಂಬ ಮಾತೇ ಈಗ ಮರೆತುಹೋಗುತ್ತಿದೆ. ಲಸಿಕೆ, ಇಂಜೆಕ್ಷನ್ ಎಂಬ ಪದಗಳು ಬರುವ ಮೊದಲು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಪಾಲಿಗೆ ಡಾಕ್ಟರ್ ಎಂದರೆ ದಾಕಿನವರೇ. ಅವರು ಬರುತ್ತಾರೆಂದು ಗೊತ್ತಾದರೆ ಮಕ್ಕಳು ಅಟ್ಟ ಹತ್ತುತ್ತಿದ್ದರು, ಹಟ್ಟಿಯ ಹಿಂದೆ ಅಡಗುತ್ತಿದ್ದರು ಎಂದು ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ.

ಬಾಪನ ಅಂಗಡಿಯ ಎದುರಿಗೇ ಒಂದು ಕ್ಲಿನಿಕ್ ಇತ್ತು. ಹಾಗಾಗಿ ಮಕ್ಕಳನ್ನು ಡಾಕ್ಟರರ ಬಳಿ ಕರೆತರುವ ದೃಶ್ಯ ನನಗೆ ಸಣ್ಣಂದಿನಿಂದ ಪರಿಚಿತ. ಅಂಗಡಿಯಲ್ಲಿ ಮಗು ಮಿಠಾಯಿಗೆ ಹಟ ಹಿಡಿದರೆ ಉಮ್ಮಂದಿರ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ: “ಸುಮ್ಮನಿರ್ತೀಯಾ, ಇಲ್ಲ ಸೂಜಿ ಹಾಕಿಸಲಾ?” ಪೊಲೀಸ್ ಮತ್ತು ಡಾಕ್ಟರ್, ಇಬ್ಬರೂ ನಮ್ಮ ಮನೆಗಳಲ್ಲಿ ಮಕ್ಕಳನ್ನು ಬೆದರಿಸುವ ಗುಮ್ಮ. ಪೊಲೀಸರ ವಿಷಯ ಬಿಡಿ. ಗುಣ ಮಾಡುವ ಮನುಷ್ಯ ಗುಮ್ಮನಾದದ್ದು ಹೇಗೆ? ಇದಕ್ಕೊಂದು ಚರಿತ್ರೆಯಿದೆ. ಮಕ್ಕಳು ಸುಮ್ಮನೆ ಹೆದರಿದವರಲ್ಲ.

ಸಿಡುಬಿನ ದಾಕು ಶುರುವಾದದ್ದೇ ಒಂದು ಮಗುವಿನ ತೋಳಿನಿಂದ. 1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್, ತೋಟದ ಕೆಲಸದವನ ಮಗ ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳನ್ನು ಕೊಯ್ದು, ಹಾಲು ಕರೆಯುವ ಹುಡುಗಿಯೊಬ್ಬಳ ಕೈಯ ಗೋಸಿಡುಬಿನ ಗುಳ್ಳೆಯ ರಸವನ್ನು ಸೇರಿಸಿದ. ಭಾರತಕ್ಕೆ ಅದು ಬಂದದ್ದೂ ಮಗುವಿನ ಮೂಲಕವೇ. ಬಾಗ್ದಾದ್, ಬಸ್ರಾ ದಾರಿಯಾಗಿ ಹಡಗಿನಲ್ಲಿ ಬಂದ ಲಸಿಕೆ 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆ್ಯನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹತ್ತಿತು. ಆಕೆ ಆರೋಗ್ಯವಂತಳು, ಬಹಳ ಶಾಂತ ಸ್ವಭಾವದವಳು ಎಂದು ವೈದ್ಯರು ಬರೆದಿಟ್ಟಿದ್ದಾರೆ. ಅದನ್ನು ಓದಿದಾಗ ನನಗೆ ಅನ್ನಿಸಿದ್ದು, ಆ ಮಗು ಕಿರುಚಿ ಕೈ ಎಳೆದುಕೊಂಡಿದ್ದರೆ ಚರಿತ್ರೆ ಇನ್ನೊಂದು ಹಡಗಿಗೆ ಕಾಯಬೇಕಿತ್ತು. ಆಕೆಯ ತೋಳಿನ ಗುಳ್ಳೆಯಿಂದ ಬೊಂಬಾಯಿಯ ಬೇರೆ ಮಕ್ಕಳಿಗೆ, ಅವರಿಂದ ದೇಶದ ಬೇರೆ ಊರುಗಳಿಗೆ ಲಸಿಕೆ ಹರಡಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಗ ಫ್ರಿಜ್ ಇಲ್ಲ, ಐಸ್ ಪೆಟ್ಟಿಗೆಯಿಲ್ಲ. ನೂಲಿಗೆ, ಗಾಜಿಗೆ ಹಚ್ಚಿ ತಂದರೆ ನಮ್ಮ ಸೆಕೆಗೆ ಬೇಗ ಕೆಟ್ಟುಹೋಗುತ್ತಿತ್ತು. ಹೀಗಾಗಿ ಲಸಿಕೆ ಇಡುವ ಬಾಟಲಿ ಎಂದರೆ ಮಕ್ಕಳ ತೋಳೇ. ಒಂದು ಮಗುವಿಗೆ ದಾಕು ಹಾಕಿ, ಎಂಟನೇ ದಿನದ ಹೊತ್ತಿಗೆ ಗುಳ್ಳೆ ತುಂಬಿಕೊಂಡಾಗ ಅದನ್ನು ಕರೆಸಿ, ಗುಳ್ಳೆ ಒಡೆದು ರಸ ತೆಗೆದು, ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಅಂದರೆ ದಾಕು ಹಾಕಿಸಿಕೊಂಡ ಮಗುವಿಗೆ ಎರಡು ಸಲ ನೋವು. ಎರಡನೆಯದು ಅದರ ಒಳ್ಳೆಯದಕ್ಕಲ್ಲ, ಬೇರೆಯವರ ಮಗುವಿಗಾಗಿ. ಮೊದಲ ದಿನ ಬಂದ ತಾಯಂದಿರು ಎಂಟನೇ ದಿನ ಮಗುವನ್ನು ಅಡಗಿಸಿಟ್ಟರೆ ಆಶ್ಚರ್ಯವೇನು? ಹೀಗೆ ರಸ ಕೊಡಬೇಕಾಗಿ ಬಂದವರು ಹೆಚ್ಚಾಗಿ ಬಡವರ, ಕೆಳಜಾತಿಯವರ ಮಕ್ಕಳು ಎಂದು ಇತಿಹಾಸಕಾರ ಡೇವಿಡ್ ಆರ್ನಾಲ್ಡ್ ತೋರಿಸಿಕೊಟ್ಟಿದ್ದಾರೆ. ಯಾರ ಮೈಯ ರಸ ಯಾರ ಮೈಗೆ ಎಂಬ ಜಾತಿಯ ಮುಜುಗರ ಬೇರೆ. ಬ್ರಿಟಿಷ್ ಅಧಿಕಾರಿಗಳು ಇದನ್ನೆಲ್ಲ ‘ಜನರ ಮೂಢನಂಬಿಕೆ’ ಎಂದು ಬರೆದುಕೊಂಡರು. ಒಂದಷ್ಟು ಮೂಢನಂಬಿಕೆ ಇದ್ದೀತು. ಆದರೆ ಮಗುವಿನ ಹುಣ್ಣನ್ನು ಕೆದಕಲು ಬಿಡದಿರುವುದು ಯಾವ ಊರಿನಲ್ಲೂ ಮೂಢನಂಬಿಕೆಯಲ್ಲ.

ಮೈಸೂರಿನಲ್ಲಿ ಇದೇ ಕಾಲಕ್ಕೆ ಬೇರೆಯೇ ಒಂದು ಉಪಾಯ ಹೂಡಿದರು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಿದ್ದಾಳೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ತಾನು ದಾಕು ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುತ್ತಿರುವ ಚಿತ್ರ ಅದು ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಮದುವೆಯಾದಾಗ ಆಕೆಗೂ ರಾಜನಿಗೂ 12 ವರ್ಷ. ನಮ್ಮ ನಾಡಿನಲ್ಲಿ ಲಸಿಕೆಗೆ ಮೊದಲ ಜಾಹೀರಾತು ನಿಂತದ್ದು ಆರನೇ ಕ್ಲಾಸಿನ ಮಗುವಿನ ವಯಸ್ಸಿನ ಒಬ್ಬ ಹುಡುಗಿಯ ತೋಳಿನ ಮೇಲೆ. ‘ನನಗೆ ಹಾಕಿದ್ದಾರೆ, ನೋಡು, ನಾನು ಚೆನ್ನಾಗಿದ್ದೇನೆ’ ಎಂದು ದೊಡ್ಡ ಅಕ್ಕ ತಮ್ಮನಿಗೆ ಹೇಳಿದಂತೆ. ಬಲವಂತಕ್ಕಿಂತ ಇದು ಎಷ್ಟೋ ಒಳ್ಳೆಯ ದಾರಿ. ಆದರೆ ಅರಮನೆಯ ಗೋಡೆಯ ಚಿತ್ರ ಹಳ್ಳಿಯ ಮಗುವಿಗೆ ಎಲ್ಲಿ ಕಾಣಬೇಕು?

ಹತ್ತೊಂಬತ್ತನೇ ಶತಮಾನದ ಕೊನೆಗೆ ಕರುವಿನ ಚರ್ಮದಿಂದ ಲಸಿಕೆ ತಯಾರಿಸುವುದು ರೂಢಿಗೆ ಬಂತು, ತೋಳಿನಿಂದ ತೋಳಿಗೆ ಹಾಕುವುದು ನಿಂತಿತು. ಆಗ ನಮ್ಮ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. 1899ರಲ್ಲಿ ಮದರಾಸಿನ ಗಿಂಡಿಯಲ್ಲಿ ಕಿಂಗ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಗಿ, ಪ್ರಾಂತ್ಯಕ್ಕೆ ಬೇಕಾದ ಲಸಿಕೆ ಅಲ್ಲಿ ತಯಾರಾಗತೊಡಗಿತು. ಮಕ್ಕಳ ಒಂದು ಕಷ್ಟ ಹೋಯಿತು. ಇನ್ನೊಂದು ಉಳಿಯಿತು. ಅದು ಉಪಕರಣ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಹಾಗಾಗಿ ಉಪಕರಣದ ಬಗ್ಗೆ ಸ್ವಲ್ಪ ಹೆಚ್ಚು ಹೇಳಿದರೆ ಸಹಿಸಿಕೊಳ್ಳಿ. ಭಾರತದಲ್ಲಿ ಬಹುಕಾಲ ದಾಕು ಹಾಕುತ್ತಿದ್ದದ್ದು ರೋಟರಿ ಲ್ಯಾನ್ಸೆಟ್‌ನಿಂದ. ಒಂದು ಹಿಡಿ, ಅದರ ತುದಿಯಲ್ಲಿ ಸುತ್ತ ಹಲ್ಲುಗಳಿರುವ ಪುಟ್ಟ ಬಿಲ್ಲೆ, ನಡುವೆ ಒಂದು ಮೊನೆ. ಮರಕ್ಕೆ ದುಂಡಗೆ ತೂತು ಕೊರೆಯುವ ಹೋಲ್ ಸಾ ನೋಡಿದವರಿಗೆ ತಕ್ಷಣ ಅರ್ಥವಾದೀತು, ಅದರದ್ದೇ ಮರಿ. ಲಸಿಕೆಯ ಹನಿಯ ಮೇಲೆ ಇದನ್ನೊತ್ತಿ ಬೆರಳುಗಳ ನಡುವೆ ತಿರುಗಿಸಿದರೆ ಚರ್ಮ ದುಂಡಗೆ ಕೆರೆದುಹೋಗುತ್ತದೆ. ಅದೂ ಒಂದೇ ಕಡೆಯಲ್ಲ. ಹಿರಿಯರ ತೋಳಿನಲ್ಲಿ ನಾಲ್ಕು ಕಲೆ ಇರುವುದು ಅದಕ್ಕೇ. ಆಮೇಲೆ ಜ್ವರ, ಕೀವು, ವಾರಗಟ್ಟಲೆ ತುರಿಕೆ. ಕೈಕಾಲು ಹಿಡಿದುಕೊಳ್ಳಲು ಇಬ್ಬರು ಗಂಡಸರು ಬೇಕಿತ್ತು ಎಂದು ಹಿರಿಯರು ಹೇಳುವುದು ಉತ್ಪ್ರೇಕ್ಷೆಯಲ್ಲ.

ಇದನ್ನು ಬದಲಿಸಿದ್ದು ಹೊಲಿಗೆ ಸೂಜಿ. 1960ರ ದಶಕದಲ್ಲಿ ಅಮೆರಿಕದ ವೈಯೆತ್ ಕಂಪನಿಯ ಬೆಂಜಮಿನ್ ರೂಬಿನ್, ಸೂಜಿಯ ನೂಲು ಪೋಣಿಸುವ ಕಣ್ಣಿನ ತುದಿಯನ್ನು ಅರೆದರೆ ಎರಡು ಮೊನೆಯ ಕವಲು ಉಳಿಯುತ್ತದೆ ಎಂದು ಕಂಡುಕೊಂಡ. ಆ ಕವಲನ್ನು ಲಸಿಕೆಯಲ್ಲಿ ಅದ್ದಿದರೆ ಎರಡು ಮೊನೆಗಳ ನಡುವೆ ಬೇಕಾದಷ್ಟೇ ಒಂದು ಹನಿ ನಿಲ್ಲುತ್ತದೆ. ತೋಳಿನ ಒಂದೇ ಜಾಗದಲ್ಲಿ 15 ಸಲ ಲಘುವಾಗಿ ಕುಟ್ಟಿದರೆ ಮುಗಿಯಿತು. ಸ್ಪ್ರಿಂಗ್ ಇಲ್ಲ, ತಿರುಗುವ ಭಾಗವಿಲ್ಲ, ಕುದಿಸಿ ಮತ್ತೆ ಬಳಸಬಹುದು, ಲಸಿಕೆಯೂ ಮೊದಲಿನ ಕಾಲು ಭಾಗ ಸಾಕು. ಕಡಿಮೆ ಭಾಗಗಳಿರುವ ಯಂತ್ರವೇ ಒಳ್ಳೆಯ ಯಂತ್ರ ಎಂದು ನಮಗೆ ಪಾಠ ಮಾಡಿದ ಲೆಕ್ಚರರು ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರು. ಭಾರತದ ಕೊನೆಯ ಸಿಡುಬು ಪ್ರಕರಣ 1975ರ ಮೇ ತಿಂಗಳಲ್ಲಿ ಪತ್ತೆಯಾಯಿತು. 1980ರ ಮೇ 8ರಂದು ಇಡೀ ಜಗತ್ತೇ ಸಿಡುಬಿನಿಂದ ಮುಕ್ತ ಎಂದು ಘೋಷಣೆಯಾಯಿತು. ಆ ಕೊನೆಯ ವರ್ಷಗಳಲ್ಲೂ ಬಿಹಾರದಂಥ ಕಡೆ ಮನೆಬಾಗಿಲು ಒಡೆದು, ಹಿಡಿದು ಕೆಡವಿ ಲಸಿಕೆ ಹಾಕಿದ ಉದಾಹರಣೆಗಳಿವೆ. ರೋಗ ಹೋಯಿತು, ಅದು ಸಣ್ಣ ಸಾಧನೆಯಲ್ಲ. ಹಾಗೆ ಹಿಡಿಸಿಕೊಂಡ ಮಕ್ಕಳು ಮುಂದೆ ತಮ್ಮ ಮಕ್ಕಳಿಗೆ ಡಾಕ್ಟರ್ ಎಂದರೆ ಏನೆಂದು ಹೇಳಿಕೊಟ್ಟಿರಬಹುದು, ಊಹಿಸಿಕೊಳ್ಳಿ.

ಹಾಗೆಂದು ನಮ್ಮ ಕರಾವಳಿಯಲ್ಲಿ ಮಕ್ಕಳಿಗೆ ಸಿಕ್ಕಿದ್ದು ಬರೀ ಸೂಜಿಯಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡತೊಡಗಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಆ ಮದ್ದಿನ ಪೆಟ್ಟಿಗೆಯಿಂದ. ಹೋಮಿಯೋಪತಿಯಿಂದ ರೋಗ ಗುಣವಾಗುತ್ತದೆಯೇ ಎಂಬ ಚರ್ಚೆ ಬೇರೆ, ಅದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಅದು ಸಕ್ಕರೆಯ ಬಿಳಿ ಗುಳಿಗೆ. ನಾಲಿಗೆ ಚಾಚಿದರೆ ಸಿಹಿ. ಮಕ್ಕಳು ತಾವಾಗಿ ಬಾಯಿ ತೆರೆಯುವ ಮದ್ದು ಕಂಡ ಉಮ್ಮಂದಿರಿಗೆ ಎಷ್ಟು ಸಮಾಧಾನವಾಗಿರಬೇಕು!

ಉಡುಪಿಯದ್ದು ಇನ್ನೊಂದು ಬಗೆ. 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಅಲ್ಲಿ ಬಾಸೆಲ್ ಮಿಷನ್ನಿನ ಆಸ್ಪತ್ರೆ ಶುರುಮಾಡಿದರು. ಊರಿನವರಿಗೆ ಅದು ಇವತ್ತಿಗೂ ಮಿಷನ್ ಆಸ್ಪತ್ರೆ. ಗಂಡು ಡಾಕ್ಟರರ ಮುಂದೆ ಬಾಯಿಬಿಡಲು ಹಿಂಜರಿಯುತ್ತಿದ್ದ ಹೆಂಗಸರಿಗೆ ಹೆಣ್ಣು ಡಾಕ್ಟರ್ ಸಿಕ್ಕಿದರೆ ಅದರ ಲಾಭ ಮಗುವಿಗೂ ಆಗುತ್ತದೆ. ಏಕೆಂದರೆ ಮಗು ನೋಡುವುದು ಡಾಕ್ಟರರ ಮುಖವನ್ನಲ್ಲ, ಉಮ್ಮನ ಮುಖವನ್ನು. ಉಮ್ಮ ಗಾಬರಿಯಾಗಿ ಮುದುಡಿ ಕುಳಿತಿದ್ದರೆ ಮಗುವಿಗೆ ಬೇರೆ ಸಾಕ್ಷಿ ಬೇಡ.

ಇಂಗ್ಲೆಂಡಿನವರಿಗೆ ಇಷ್ಟು ಸರಳ ವಿಷಯ ಅರ್ಥವಾಗಲು 1950ರ ದಶಕ ಬರಬೇಕಾಯಿತು. ಅಲ್ಲಿ ಆಸ್ಪತ್ರೆಗೆ ಸೇರಿದ ಮಗುವನ್ನು ತಾಯಿ ನೋಡಲು ದಿನಕ್ಕೆ ಸ್ವಲ್ಪ ಹೊತ್ತು, ಕೆಲವು ಕಡೆ ವಾರಕ್ಕೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಿದ್ದರು. ತಾಯಿ ಹೋದ ಮೇಲೆ ಮಗು ಒಂದಿಷ್ಟು ಅತ್ತು ಸುಮ್ಮನಾಗುತ್ತದೆ, ಅಲ್ಲಿಗೆ ಹೊಂದಿಕೊಂಡಿತು ಎಂದು ಲೆಕ್ಕ. ಜೇಮ್ಸ್ ರಾಬರ್ಟ್‌ಸನ್ ಎಂಬಾತ ಹರ್ನಿಯಾ ಆಪರೇಷನ್ನಿಗೆ ಎಂಟು ದಿನ ಆಸ್ಪತ್ರೆಯಲ್ಲಿದ್ದ ಲಾರಾ ಎಂಬ ಎರಡು ವರ್ಷದ ಹುಡುಗಿಯನ್ನು ಕ್ಯಾಮೆರಾದಲ್ಲಿ ಹಿಡಿದು 1952ರಲ್ಲಿ ತೋರಿಸಿದ. ಸುಮ್ಮನಾದ ಮಗು ಸಮಾಧಾನಗೊಂಡ ಮಗುವಲ್ಲ, ಕೈಚೆಲ್ಲಿದ ಮಗು ಎಂದು ಆ ಚಿತ್ರದಲ್ಲಿ ಕಾಣುತ್ತಿತ್ತು. ಮೊದಮೊದಲು ವೈದ್ಯರು, ನರ್ಸುಗಳು ಸಿಟ್ಟಾದರು. 1959ರಲ್ಲಿ ಪ್ಲಾಟ್ ವರದಿ ಬಂದು, ತಂದೆತಾಯಿಯರ ಭೇಟಿಗೆ ಹೊತ್ತುಗೊತ್ತಿನ ತಡೆ ಇರಬಾರದು, ಸಣ್ಣ ಮಕ್ಕಳ ಜೊತೆ ತಾಯಿ ಉಳಿಯಲು ಅವಕಾಶ ಬೇಕು ಎಂದು ಶಿಫಾರಸು ಮಾಡಿತು.

ನಮ್ಮಲ್ಲಿ? ವೆನ್ಲಾಕಿನಂಥ ಸರ್ಕಾರಿ ಆಸ್ಪತ್ರೆಗೆ ಮಗುವನ್ನು ಸೇರಿಸಿದರೆ ಉಮ್ಮ ಮಂಚದ ಬುಡದಲ್ಲಿ ಚಾಪೆ ಹಾಸುತ್ತಾಳೆ, ಮಧ್ಯಾಹ್ನ ಟಿಫಿನ್ ಕ್ಯಾರಿಯರಿನಲ್ಲಿ ಗಂಜಿ ಬರುತ್ತದೆ, ಸಂಜೆ ಮಾಮ, ಮಾಮಿ, ನೆರೆಕರೆ ಎಲ್ಲ ಹಾಜರ್. ನರ್ಸುಗಳಿಗೆ ತಲೆನೋವು, ಗದ್ದಲ, ಸೋಂಕಿನ ಭಯವೂ ನಿಜ. ಆದರೂ ಮಗುವನ್ನು ಒಂಟಿಯಾಗಿ ಬಿಟ್ಟು ಬರುವ ಪದ್ಧತಿ ನಮ್ಮದಲ್ಲ. ಬಡತನದಿಂದ, ನರ್ಸುಗಳ ಕೊರತೆಯಿಂದ ಉಳಿದುಬಂದ ಅಭ್ಯಾಸವೇ ಇರಲಿ, ಅದು ಒಳ್ಳೆಯ ಅಭ್ಯಾಸ. ಈಗ ಕೆಲವು ಹೊಸ ಆಸ್ಪತ್ರೆಗಳಲ್ಲಿ ರಕ್ತ ತೆಗೆಯುವಾಗ “ನೀವು ಹೊರಗೆ ನಿಲ್ಲಿ” ಎನ್ನುತ್ತಾರೆ. “ಮಗು ನನ್ನ ಮಡಿಲಲ್ಲಿ ಕೂರಲಿ” ಎಂದು ವಿನಯದಿಂದಲೇ, ಆದರೆ ಗಟ್ಟಿಯಾಗಿ ಕೇಳಿ.

ಮಡಿಲಿನಷ್ಟೇ ಮುಖ್ಯವಾದ ಇನ್ನೊಂದು ವಿಷಯ ನನಗೆ ಹೊಳೆದದ್ದು ಊರಿನಲ್ಲಲ್ಲ, ತೆಲಂಗಾಣದ ಇಟಿಕ್ಯಾಲದಲ್ಲಿ. ಹತ್ತಿ ಜಿನ್ನಿಂಗ್ ಯಂತ್ರದ ರಿಪೇರಿ ಕೆಲಸದ ಮೇಲೆ ಗದ್ವಾಲದ ಕಡೆ ಹೋಗಿದ್ದೆ. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಆ ನೆಲಕ್ಕೆ ಅಲ್ಲಿಯವರು ನಡಿಗಡ್ಡ ಎನ್ನುತ್ತಾರೆ. ಗದ್ವಾಲ, ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ನಮ್ಮ ಕಾಸರಗೋಡು ಕೇರಳಕ್ಕೆ ಹೋದದ್ದೂ ಅದೇ ದಿನ. ಗಡಿ ಎಳೆದ ಮೇಲೂ ಮನೆಮಾತು ಗಡಿಗೆ ತಕ್ಕಂತೆ ಬದಲಾಗುವುದಿಲ್ಲ ಎಂಬುದು ಬ್ಯಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿನ ಅಂಗನವಾಡಿಯಲ್ಲಿ ಅಂದು ಮಕ್ಕಳಿಗೆ ಲಸಿಕೆ. ರಾಯಚೂರಿನ ಕಡೆಯಿಂದ ಕೂಲಿಗೆ ಬಂದ ಹೆಂಗಸೊಬ್ಬಳ ತೊಡೆಯಲ್ಲಿ ನಾಲ್ಕೈದು ವರ್ಷದ ಹುಡುಗಿ. ನರ್ಸಮ್ಮ ಪ್ರೀತಿಯಿಂದಲೇ “ಏಂ ಕಾದಮ್ಮಾ, ಏಂ ಕಾದು” ಎನ್ನುತ್ತಿದ್ದಳು. ಏನೂ ಆಗುವುದಿಲ್ಲ ಎಂದು ಅರ್ಥ. ಮಗುವಿಗೆ ತೆಲುಗು ತಿಳಿಯದು. ಅದಕ್ಕೆ ಕಂಡದ್ದು ಸೂಜಿ ಹಿಡಿದು ಹತ್ತಿರ ಬರುತ್ತಾ ಏನೋ ಹೇಳುತ್ತಿರುವ ಅಪರಿಚಿತೆ. ಮೈಯೆಲ್ಲ ಬಿಗಿ ಹಿಡಿಯಿತು. ತಾಯಿ ಕಿವಿಯಲ್ಲಿ “ಇರುವಿ ಕಡದಂಗ ಆಗ್ತದ, ಅಷ್ಟ” ಎಂದಳು. ನರ್ಸಮ್ಮ ಕೈ ತಡೆದು, “ಇರುವಿ ಅಂದರೇನು?” ಎಂದು ತೆಲುಗಿನಲ್ಲಿ ಪಕ್ಕದವರನ್ನು ಕೇಳಿ ತಿಳಿದುಕೊಂಡು, ತಾನೂ “ಇರುವಿ, ಇರುವಿ” ಎನ್ನುತ್ತಾ ಸೂಜಿ ಚುಚ್ಚಿದಳು. ಮಗು ಅತ್ತಿತು, ಅಳದೇ ಇರುತ್ತದೆಯೇ? ಆದರೆ ಬೇಗ ನಿಲ್ಲಿಸಿತು. ಆಮೇಲೆ ನರ್ಸಮ್ಮನ ಪೆನ್ನು ಕೇಳಿತು.

ನಮ್ಮ ಮಕ್ಕಳನ್ನು ನೆನೆಸಿಕೊಳ್ಳಿ. ಎಲ್‌ಕೆಜಿಗೆ ಹೋಗುವವರೆಗೆ ಎಷ್ಟೋ ಮಕ್ಕಳಿಗೆ ಬ್ಯಾರಿ ಬಿಟ್ಟು ಬೇರೆ ಮಾತಿಲ್ಲ. ಡಾಕ್ಟರ್ ಕನ್ನಡದಲ್ಲಿ, ತುಳುವಿನಲ್ಲಿ, ಇಂಗ್ಲಿಷಿನಲ್ಲಿ ಕೇಳುತ್ತಾರೆ. ಎಲ್ಲಿ ನೋವು ಎಂದು ಕೇಳಿದರೆ ಮಗು ಉಮ್ಮನ ಬುರ್ಖಾದೊಳಗೆ ಮುಖ ಅಡಗಿಸುತ್ತದೆ. “ನಮ್ಮ ಮಗುವಿಗೆ ನಾಚಿಕೆ ಜಾಸ್ತಿ ಡಾಕ್ಟ್ರೇ” ಎಂದು ನಾವೇ ಮುಗಿಸಿಬಿಡುತ್ತೇವೆ. ನಾಚಿಕೆಯಲ್ಲ ಅದು, ಭಾಷೆ. ಡಾಕ್ಟರ್ ಹೇಳಿದ್ದನ್ನು ದೊಡ್ಡವರಾದ ನಾವು ಕೇಳಿಸಿಕೊಂಡು ತಲೆಯಾಡಿಸಿ ಸುಮ್ಮನಿರುವ ಬದಲು, ಮಗುವಿನ ಕಡೆ ತಿರುಗಿ ಬ್ಯಾರಿಯಲ್ಲಿ ಹೇಳಬೇಕು. ಈಗ ಎದೆಗೆ ತಣ್ಣಗಿನ ಬಿಲ್ಲೆ ಇಡುತ್ತಾರೆ, ಈಗ ಬಾಯಿ ತೆರೆಯಲು ಹೇಳುತ್ತಾರೆ ಎಂದು. ಎರಡು ನಿಮಿಷ ಹೆಚ್ಚಾಗಬಹುದು. ಹೊರಗೆ ಟೋಕನ್ ಹಿಡಿದವರು ಗೊಣಗಿದರೆ ಗೊಣಗಲಿ.

ಏನು ಹೇಳಬೇಕು ಎಂಬುದರಲ್ಲೇ ನಾವು ಹೆಚ್ಚು ಎಡವುತ್ತಿರುವುದು. ಹಿಂದೆ ಸುನ್ನತಿನ ದಿನ ಹುಡುಗನಿಗೆ ಹೊಸ ಬಟ್ಟೆ ತೊಡಿಸಿ, ಏನೂ ಇಲ್ಲ, ಮಿಠಾಯಿ ಕೊಡ್ತಾರೆ ಎಂದು ಕೂರಿಸುತ್ತಿದ್ದರು. ಮಿಠಾಯಿ ಸಿಗುತ್ತಿದ್ದದ್ದು ನಿಜ, ಆದರೆ ‘ಏನೂ ಇಲ್ಲ’ ಎಂದವರನ್ನು ಆ ಹುಡುಗ ಮತ್ತೆ ನಂಬಲು ಬಹಳ ದಿನ ಹಿಡಿಯುತ್ತಿತ್ತು. ಲಸಿಕೆಯ ಹೊತ್ತಿನ ನೋವು ಕಡಿಮೆ ಮಾಡುವ ಬಗ್ಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ನಿಲುವು ಪ್ರಕಟಿಸಿತು. ಹೆತ್ತವರು ಜೊತೆಗಿರಲಿ, ಸಣ್ಣ ಮಗುವನ್ನು ಎತ್ತಿಕೊಂಡಿರಲಿ, ಎದೆಹಾಲು ಕುಡಿಯುವ ಮಗುವಿಗೆ ಆ ಹೊತ್ತಿಗೇ ಅಥವಾ ಅದಕ್ಕೆ ಸ್ವಲ್ಪ ಮೊದಲು ಹಾಲೂಡಿಸಲಿ, ದೊಡ್ಡ ಮಗುವನ್ನು ಮಲಗಿಸದೆ ಕೂರಿಸಲಿ, ಒಂದೇ ದಿನ ಹಲವು ಲಸಿಕೆಗಳಿದ್ದರೆ ಹೆಚ್ಚು ನೋವಿನದ್ದನ್ನು ಕೊನೆಗೆ ಹಾಕಲಿ ಎಂದೆಲ್ಲ ಅದರಲ್ಲಿದೆ. ಜೊತೆಗೆ, ಸುಳ್ಳು ಸಮಾಧಾನ ಹೇಳಬೇಡಿ ಎಂದೂ ಇದೆ. ಇಟಿಕ್ಯಾಲದ ತಾಯಿ ಆ ಕಾಗದ ಓದಿರಲಿಲ್ಲ. ಇರುವೆ ಕಚ್ಚಿದಂತಾಗುತ್ತದೆ ಎಂದಳು, ಇರುವೆ ಕಚ್ಚುವುದಿಲ್ಲ ಎನ್ನಲಿಲ್ಲ.

ಸೂಜಿಯೂ ಈಗ ಹಳೆಯದಲ್ಲ. ಸೂಜಿಯ ದಪ್ಪವನ್ನು ನಮ್ಮ ತಗಡು, ತಂತಿಯ ಹಾಗೆ ಗೇಜಿನಲ್ಲಿ ಅಳೆಯುತ್ತಾರೆ, ಅಂಕಿ ಹೆಚ್ಚಾದಷ್ಟೂ ಸಣ್ಣ. 23 ಗೇಜಿನ ಸೂಜಿ ಸುಮಾರು 0.64 ಮಿಲಿಮೀಟರ್, 26 ಗೇಜಿನದ್ದು 0.46. ಹಿಂದೆ ಒಂದೇ ಸೂಜಿಯನ್ನು ಸ್ಟವ್ ಮೇಲೆ ಕುದಿಸಿ ಕುದಿಸಿ, ಮೊನೆ ಮೊಂಡಾಗುವವರೆಗೆ ಬಳಸುತ್ತಿದ್ದರು. ಈಗ ಸರ್ಕಾರದ ಲಸಿಕೆಗೆ ಬಳಸುವ ಸಿರಿಂಜು ಒಂದು ಸಲ ಒತ್ತಿದರೆ ಲಾಕ್ ಆಗಿಬಿಡುತ್ತದೆ, ಎರಡನೇ ಮಗುವಿಗೆ ಬಳಸಬೇಕೆಂದರೂ ಆಗದು. ನೋವು ಇಷ್ಟು ಕಡಿಮೆಯಾದರೂ ಹೆದರಿಕೆ ಅದೇ ಅಳತೆಯಲ್ಲಿ ಕಡಿಮೆಯಾಗಿಲ್ಲವೆಂದರೆ ಅದು ಸೂಜಿಯ ತಪ್ಪಲ್ಲ. 2017ರ ಫೆಬ್ರವರಿಯಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಮುಂದಿನವನು ಅಳುವುದನ್ನು ನೋಡುತ್ತಾ ಹಿಂದಿನವನು ನಿಲ್ಲಬೇಕು. ಆಗ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡಿದ ಆಡಿಯೋಗಳನ್ನು ಕೇಳಿದವರಿಗೆ ಗೊತ್ತು, ಹೆದರಿದ್ದು ಮಕ್ಕಳಷ್ಟೇ ಅಲ್ಲ. ದಾಕಿನ ಕಾಲದ ನಮ್ಮ ಅಜ್ಜಿಯಂದಿರ ಹೆದರಿಕೆಗೆ ಕಾರಣವಿತ್ತು, ಆ ಆಡಿಯೋಗಳಿಗೆ ಇರಲಿಲ್ಲ.

ಅಂಗಡಿ ಈಗ ತಮ್ಮ ನೋಡಿಕೊಳ್ಳುತ್ತಾನೆ. ಗುರುವಾರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಲಸಿಕೆ. ಅಂದು ಸೋಪಿನ ನೊರೆಯ ಗುಳ್ಳೆ ಊದುವ ಪುಟ್ಟ ಡಬ್ಬಿ ಹೆಚ್ಚು ಹೋಗುತ್ತದಂತೆ. ಮಿಠಾಯಿಯಂತೆ ಆಮೇಲೆ ಕೊಡುವುದಕ್ಕಲ್ಲ, ಸೂಜಿ ಹಾಕುವಾಗಲೇ ಮಗುವಿನ ಕೈಯಲ್ಲಿ ಕೊಟ್ಟು ಊದಿಸಲು. ಯಾರೋ ನರ್ಸ್ ಹೇಳಿಕೊಟ್ಟದ್ದು, ಒಬ್ಬರಿಂದ ಒಬ್ಬರಿಗೆ ಹರಡಿದೆ.

ನಿಮ್ಮ ಮನೆಯ ಹಿರಿಯರ ತೋಳಿನಲ್ಲಿ ಎಷ್ಟು ಕಲೆಗಳಿವೆ, ದಾಕಿನವರು ಯಾವ ಊರಿನಿಂದ ಬರುತ್ತಿದ್ದರು, ದಾಕಿಗೆ ಅವರ ಊರಿನ ಬ್ಯಾರಿಯಲ್ಲಿ ಏನೆನ್ನುತ್ತಿದ್ದರು, ಕೇಳಿ ಬರೆದಿಟ್ಟುಕೊಳ್ಳಿ. ಉಳ್ಳಾಲದ ಬ್ಯಾರಿಗೂ ಬಂಟ್ವಾಳದ ಬ್ಯಾರಿಗೂ ಪದ ಬೇರೆ ಇರಬಹುದು. ನಮಗೂ ಕಳುಹಿಸಿ.